ಗದಗಿನ ಕಿವಿಗೆ ಕನ್ನಡ ಪುಸ್ತಕ

ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ದೃಷ್ಟಿಹೀನ ಬಾಲಕರಿಗೆ ಸಂಗೀತವಿದ್ಯೆಯು ಗುರುಮುಖದಿಂದ ಕಿವಿಗೆ ಇಳಿದುಬಂದಿತು; ಈಗ ಗ್ರಂಥವೂ ಹಾಗೆಯೇ ಇಳಿಯಬಲ್ಲುದು. ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನಲ್ಲಿ ಪರದೆಯನ್ನು ಓದಿಹೇಳುವ ಟಾಕ್‌ಬ್ಯಾಕ್ ತೆರೆದು, ಕನ್ನಡ ಧ್ವನಿಯನ್ನು ಆಯ್ದುಕೊಂಡರೆ, ಬೆರಳು ಸೋಕಿದುದನ್ನು ಅದು ಉಚ್ಚರಿಸುವುದು. 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ವು ಇಂತಹ ಓದುಗರಿಗೆಂದೇ ಇರುವ ಅಂತರ್ಜಾಲ ಗ್ರಂಥಾಲಯ.

ಆದರೆ ಪುಟದ ಛಾಯಾಚಿತ್ರ ಮಾತ್ರವಾದ ಪಿಡಿಎಫ್, ಪಠ್ಯವಾಗಿ ಪರಿವರ್ತನೆಗೊಳ್ಳದ ಹೊರತು, ಬಹುತೇಕ ಮೂಕವೇ ಸರಿ. ಹಳೆಯ ನುಡಿ ಫಾಂಟಿನ ಕಡತವೋ, ನಮ್ಮ ಕಣ್ಣಿಗೆ ಶುದ್ಧ ಕನ್ನಡವಾಗಿ ಕಂಡರೂ, ಒಳಗೆ ಅನ್ಯ ಸಂಕೇತಗಳಿಂದ ತುಂಬಿರುವ ಕಾರಣ, ಅರ್ಥಹೀನ ಪ್ರಲಾಪವಾಗಿ ಕೇಳಿಸುವುದು. ಯಂತ್ರವನ್ನು ಬೈದು ಫಲವಿಲ್ಲ. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಅಧ್ಯಾಪಕರೇ, ಮುದ್ರಕರೇ, ಪಾಠಗಳನ್ನು ದಯವಿಟ್ಟು ಯಂತ್ರವು ಕನ್ನಡವೆಂದೇ ಗುರುತಿಸಬಲ್ಲ ಯೂನಿಕೋಡಿನಲ್ಲಿಯೇ ಬರೆದು ಕೊಡಿರಿ.