ಕುಂಬಾರನ ಆಟಿ

ತುಳುನಾಡಿನ ಜನರಿಗೆ ಆಟಿ ತಿಂಗಳ ಪರಿಚಯವನ್ನು ಬೇರೆಯಾಗಿ ಮಾಡಿಕೊಡಬೇಕಾಗಿಲ್ಲ. ಕಣಜ ಬರಿದಾಗಿ, ಹೊರಗೆ ಜಡಿಮಳೆ ಸುರಿಯುತ್ತಿರುವಾಗ ಕೆಸುವಿನ ಎಲೆ, ತಜಂಕು, ಹಲಸಿನ ಬೀಜಗಳನ್ನು ನಂಬಿ ದಿನ ದೂಡಿದ ಕಾಲವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಇಂದು ಆಟಿಯೆಂದರೆ ಸಭಾಭವನದಲ್ಲಿ ಬಗೆಬಗೆಯ ತಿನಿಸುಗಳನ್ನು ಸಾಲಾಗಿ ಇಟ್ಟು ಸವಿಯುವ ಉತ್ಸವ. ಆದರೆ ನಮ್ಮ ನೆರೆಕರೆಯ ಒಂದು ವೃತ್ತಿಯವರಿಗೆ ಆಟಿ ಈಗಲೂ ನಿಜವಾದ ಆಟಿಯೇ. ಅದು ಅವರಿಗೆ ಒಂದೇ ತಿಂಗಳಲ್ಲಿ ಮುಗಿಯುವುದೂ ಇಲ್ಲ. ಮಣ್ಣಿನ ಪಾತ್ರೆಗಳನ್ನು ಮಾಡಿ ಬಾಳುವ ಕುಂಬಾರರ ಮಾತಿದು.

ಹಸಿ ಮಡಕೆ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಗಾಳಿಯೇ ಒದ್ದೆಯಾಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದು ಕಷ್ಟ. ತೇವ ಉಳಿದ ಮಡಕೆಯನ್ನು ಆವಿಗೆಗೆ ಏರಿಸಿದರೆ ಒಳಗಿನ ನೀರು ಆವಿಯಾಗಿ ಮಡಕೆಯ ಮೈಯನ್ನೇ ಸಿಡಿಸುತ್ತದೆ. ಸೌದೆ, ತೆಂಗಿನ ಸಿಪ್ಪೆಗಳೂ ಒದ್ದೆ. ಗದ್ದೆಯಲ್ಲಿ ನೀರು ನಿಂತಿರುವುದರಿಂದ ಜೇಡಿಮಣ್ಣು ತೆಗೆಯುವಂತಿಲ್ಲ. ಇತ್ತ ಪತ್ತನಾಜೆಯೊಂದಿಗೆ ಜಾತ್ರೆ, ನೇಮಗಳಿಗೆ ತೆರೆ ಬಿದ್ದಿರುತ್ತದೆ. ಸಂತೆಯಲ್ಲಿ ತಾಡಪಾಲು ಹಾಸಿ ಮಡಕೆ ಹರಡಲು ಜಾಗವಿಲ್ಲ. ಹೀಗೆ ಕುಂಬಾರನು ಬೇಸಗೆಯ ಆರೇಳು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳ ಊಟವನ್ನು ಹುಡುಕಬೇಕು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಮುಚ್ಚಿದಾಗ ಮತ್ತು 2021ರ ಏಪ್ರಿಲ್-ಮೇ ತಿಂಗಳಲ್ಲಿ ಎರಡನೆಯ ಅಲೆ ಬಂದಾಗ, ಎರಡು ಸಲವೂ ಪೆಟ್ಟು ಬಿದ್ದದ್ದು ಸರಿಯಾಗಿ ಈ ಬೇಸಗೆಗೆ. ಬೇರೆ ವ್ಯಾಪಾರಿಗಳು ಕಳೆದುಕೊಂಡದ್ದು ಕೆಲವು ತಿಂಗಳು. ಕುಂಬಾರರು ಕಳೆದುಕೊಂಡದ್ದು ಎರಡು ವರ್ಷ.

ಕುಂಬಾರನನ್ನು ತತ್ತ್ವಜ್ಞಾನಿಗಳಷ್ಟು ದುಡಿಸಿಕೊಂಡವರು ಬಹುಶಃ ಯಾರೂ ಇಲ್ಲ. ನಮ್ಮ ನ್ಯಾಯಶಾಸ್ತ್ರದ ಯಾವ ಗ್ರಂಥವನ್ನು ತೆರೆದರೂ ಮೊದಲು ಕಾಣಿಸುವ ಉದಾಹರಣೆ ಘಟ, ಅಂದರೆ ಮಡಕೆ. ಮಣ್ಣು ಅದರ ಸಮವಾಯಿ ಕಾರಣ. ಕುಂಬಾರ, ಅವನ ಚಕ್ರ, ಚಕ್ರ ತಿರುಗಿಸುವ ಕೋಲು ನಿಮಿತ್ತ ಕಾರಣಗಳು. ಮಣ್ಣನ್ನು ಹೊತ್ತು ತಂದ ಕತ್ತೆಯನ್ನು ಮಾತ್ರ ನೈಯಾಯಿಕರು ‘ಅನ್ಯಥಾಸಿದ್ಧ’ ಎಂದು ಕರೆದು ಬದಿಗೆ ಸರಿಸಿದರು. ಮಡಕೆ ಆಗುವುದಕ್ಕೆ ಅದು ಕಾರಣವಲ್ಲವೆಂದು ಅವರ ತೀರ್ಮಾನ. ತರ್ಕದಲ್ಲಿ ಅದು ಸರಿಯೇ. ವ್ಯಾಪಾರದಲ್ಲಿ ಮಾತ್ರ ಕತ್ತೆಯೇ ಮುಖ್ಯ ಕಾರಣ! ಮಣ್ಣು ಎಲ್ಲಿಂದ ಬರಬೇಕು, ಮಡಕೆ ಎಲ್ಲಿಗೆ ಹೋಗಬೇಕು, ದಾರಿಯಲ್ಲಿ ಎಷ್ಟು ಒಡೆಯುತ್ತದೆ, ಬಾಡಿಗೆ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗಳ ಮೇಲೆಯೇ ಈ ವೃತ್ತಿಯ ಅಳಿವು ಉಳಿವು ನಿಂತಿದೆ.

ಮಣ್ಣನ್ನೇ ಮೊದಲು ನೋಡೋಣ. ನಮ್ಮ ಗುಡ್ಡಗಳದ್ದು ಮುರಕಲ್ಲಿನ ಮಣ್ಣು. ಅದು ಮಡಕೆಗೆ ಒದಗದು. ಬೇಕಾದದ್ದು ಬಯಲುಗದ್ದೆಯ ಅಡಿಯಲ್ಲಿರುವ ಜಿಗುಟು ಮಣ್ಣು. ಗದ್ದೆ ಬೇರೆಯವರದು, ಮಣ್ಣು ಕೇಳಿ ಪಡೆಯುವುದು ಕುಂಬಾರನ ಪಾಡು. ಮಾಲಾಡಿ, ಮಚ್ಚಿನ, ಪಾರೆಂಕಿಯ ಕಡೆಗೆ ಒಮ್ಮೆ ನಡೆದು ನೋಡಿದರೆ ಸಾಕು, ಹಿಂದೆ ಏಣಿಲು, ಸುಗ್ಗಿ ಎಂದು ಎರಡು ಬೆಳೆ ತೆಗೆಯುತ್ತಿದ್ದ ಎಷ್ಟೋ ಗದ್ದೆಗಳಲ್ಲಿ ಇಂದು ಅಡಿಕೆ ನಿಂತಿದೆ. ಕೃಷಿಕನನ್ನು ದೂರಿ ಫಲವಿಲ್ಲ, ಅವನಿಗೂ ಸಂಸಾರವಿದೆ. ಆದರೆ ಅಡಿಕೆ ತೋಟವನ್ನು ಅಗೆದು ಮಣ್ಣು ಕೊಡುವವರಿಲ್ಲ. ಪ್ರಭುವನ್ನು ಹಿಡಿದುಕೊಟ್ಟ ಮೂವತ್ತು ಬೆಳ್ಳಿ ನಾಣ್ಯಗಳಿಂದ ‘ಕುಂಬಾರನ ಹೊಲ’ವನ್ನು ಕೊಂಡು ಪರದೇಶಿಗಳ ಹೂಳುನೆಲ ಮಾಡಿದರೆಂದು ಸಂತ ಮತ್ತಾಯನ ಶುಭಸಂದೇಶದಲ್ಲಿ ಓದುತ್ತೇವೆ. ಮಣ್ಣು ತೆಗೆದು ಹಳ್ಳ ಬಿದ್ದು ಬೇಸಾಯಕ್ಕೆ ಬಾರದ ನೆಲವಾದ್ದರಿಂದಲೇ ಅದು ಆ ಬೆಲೆಗೆ ಸಿಕ್ಕಿರಬೇಕೆಂದು ಕೆಲವು ವ್ಯಾಖ್ಯಾನಕಾರರು ಊಹಿಸುತ್ತಾರೆ. ಕುಂಬಾರನಿಗೂ ನೆಲಕ್ಕೂ ಇರುವ ಈ ಇಕ್ಕಟ್ಟಿನ ಸಂಬಂಧ ಬಹಳ ಹಳೆಯದು.

ಇನ್ನು ಬೆಲೆಯ ವಿಚಾರ. ಪ್ರವಾದಿ ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದಲ್ಲಿ ಕುಂಬಾರನ ಕೈಯಲ್ಲಿ ಕೆಟ್ಟ ಪಾತ್ರೆ ಮತ್ತೆ ಮಣ್ಣಿನ ಮುದ್ದೆಯಾಗಿ ಇನ್ನೊಂದು ಪಾತ್ರೆಯಾಗುತ್ತದೆ. 19ನೆಯ ಅಧ್ಯಾಯದಲ್ಲಿ ಅದೇ ಪ್ರವಾದಿ ಸುಟ್ಟ ಹೂಜಿಯನ್ನು ಒಡೆಯುತ್ತಾನೆ, ಅದನ್ನು ಸರಿಪಡಿಸಲಾಗದು. ದೈವಶಾಸ್ತ್ರವನ್ನು ಬದಿಗಿಟ್ಟು ಇದನ್ನು ಲೆಕ್ಕಪತ್ರವಾಗಿಯೂ ಓದಬಹುದು. ಚಕ್ರದ ಮೇಲೆ ಕೆಟ್ಟರೆ ಹೋಗುವುದು ಸ್ವಲ್ಪ ಹೊತ್ತಿನ ಶ್ರಮ ಮಾತ್ರ. ಬೆಂಕಿಯಲ್ಲಿ ಒಡೆದರೆ ಮಣ್ಣು, ಸೌದೆ, ಕೂಲಿ ಎಲ್ಲವೂ ಹೋಗುತ್ತದೆ. ನೂರು ಮಡಕೆಗಳಿಗೆ ಹತ್ತು ಸಾವಿರ ರೂಪಾಯಿ ಖರ್ಚಾಯಿತು ಎಂದಿಟ್ಟುಕೊಳ್ಳೋಣ. ಮಡಕೆಯೊಂದಕ್ಕೆ ನೂರು ಬಿತ್ತೆಂದು ಬಗೆದು ಕುಂಬಾರನು 110 ರೂಪಾಯಿಗೆ ಮಾರುತ್ತಾನೆ. ಆವಿಗೆಯಲ್ಲಿ ಹದಿನೈದು ಸೀಳಿದ್ದರೆ ಉಳಿದ ಎಂಬತ್ತೈದರಿಂದ ಅವನ ಕೈಗೆ ಬರುವುದು 9,350 ರೂಪಾಯಿ. ಮಾರಿ ಮಾರಿಯೇ ಅವನು ಬಡವನಾದ. ದಾರಿಯಲ್ಲಿ ಇನ್ನೈದು ಒಡೆದರೆ ಮಡಕೆಯ ನಿಜವಾದ ಅಸಲು 125 ರೂಪಾಯಿ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು, ಆದರೆ ಆ ದೊಣ್ಣೆಯ ಪಾಲನ್ನು ಬೆಲೆಯಲ್ಲಿ ಸೇರಿಸುವ ಕುಂಬಾರರು ವಿರಳ, ಸೇರಿಸಿದಾಗ ಚೌಕಾಸಿ ಮಾಡದ ಗಿರಾಕಿಗಳು ಇನ್ನೂ ವಿರಳ. ಸ್ಟೀಲಿನ ಅಂಗಡಿಯಲ್ಲಿ ಕೇಳಿದಷ್ಟು ಕೊಡುವ ನಾವು ಮಣ್ಣಿನ ಪಾತ್ರೆಯ ಮುಂದೆ ಮಾತ್ರ ಹತ್ತು ರೂಪಾಯಿಗೆ ವಾದ ಮಾಡುತ್ತೇವೆ.

ಮಾರಾಟದ ಪಾಠ ಕಲಿಯಲು ದೂರ ಹೋಗಬೇಕಾಗಿಲ್ಲ. ನಿಮ್ಮ ಹಳೆಯ ಮನೆಯ ಮಾಡಿನಿಂದ ಒಂದು ಹಂಚನ್ನು ಇಳಿಸಿ ಅದರ ಅಡಿಭಾಗವನ್ನು ನೋಡಿ. ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು; 1868ರಲ್ಲಿ ನಮ್ಮ ಸಮುದಾಯದ ಆಲ್ಬುಕರ್ಕ್ ಮನೆತನದವರು ಇನ್ನೊಂದನ್ನು ಆರಂಭಿಸಿದರು. ಮಂಗಳೂರು ಹಂಚು ಸಮುದ್ರ ದಾಟಿ ಹೋಯಿತು. ಅದೇ ಜಿಲ್ಲೆಯ ಜೇಡಿಮಣ್ಣು, ಅದೇ ಬೆಂಕಿ. ಒಂದಕ್ಕೆ ಹೆಸರಿತ್ತು, ನಿಗದಿಯಾದ ಅಳತೆಯಿತ್ತು. ಇನ್ನೊಂದು ಅನಾಮಧೇಯವಾಗಿ ತಲೆಹೊರೆಯಲ್ಲಿ ಮನೆಮನೆಗೆ ಬಂದು ಭತ್ತಕ್ಕೋ ಅಕ್ಕಿಗೋ ಕೈ ಬದಲಾಯಿತು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಹಂಚಿನ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು, ಆದ್ದರಿಂದ ಹೆಸರೊಂದೇ ಕಾಪಾಡುತ್ತದೆ ಎನ್ನಲಾಗದು. ಆದರೂ ಒಂದು ಒಳ್ಳೆಯ ಮಡಕೆ ಕೊಂಡವರು ಮರುವರ್ಷ ಅದೇ ಕುಂಬಾರನನ್ನು ಹುಡುಕಿ ಬರಬೇಕಾದರೆ ಮಡಕೆಯ ತಳದಲ್ಲಿ ಅವನ ಊರು, ಹೆಸರು ಇರಬೇಡವೇ? ಹಸಿಯಾಗಿರುವಾಗ ಒಂದು ಮುದ್ರೆ ಒತ್ತಲು ಖರ್ಚೇನೂ ಇಲ್ಲ.

ಇಂಗ್ಲೆಂಡಿನ ಸೇಂಟ್ ಐವ್ಸ್ ಎಂಬ ಕಡಲೂರಿನಲ್ಲಿ 1920ರಲ್ಲಿ ಬರ್ನಾರ್ಡ್ ಲೀಚ್ ಎಂಬವರು ಜಪಾನಿನ ಹಮಾಡ ಶೋಜಿಯವರೊಂದಿಗೆ ಕುಂಬಾರಿಕೆಯ ಕಾರ್ಯಾಗಾರ ತೆರೆದರು. ಹೆಸರು ಬಂತು, ಹಣ ಬರಲಿಲ್ಲ. ವರ್ಷಗಳ ಕಾಲ ಮುಗ್ಗಟ್ಟಿನಲ್ಲಿದ್ದ ಆ ಕಾರ್ಯಾಗಾರವನ್ನು ಎತ್ತಿ ನಿಲ್ಲಿಸಿದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ರೂಪುಗೊಂಡ ಒಂದು ಸಾದಾ ಕ್ರಮ: ದಿನಬಳಕೆಯ ಕೆಲವೇ ಆಕಾರಗಳು, ಪ್ರತಿಯೊಂದಕ್ಕೂ ಅಳತೆ ಮತ್ತು ಬೆಲೆ, ಅಚ್ಚಾದ ಒಂದು ಪಟ್ಟಿ, ಅಂಚೆಯ ಮೂಲಕ ಬೇಡಿಕೆ. ನಮ್ಮ ಕುಂಬಾರನಿಗೂ ಐವತ್ತು ಬಗೆಯ ಅಲಂಕಾರದ ವಸ್ತುಗಳು ಬೇಕಿಲ್ಲ. ಮೀನುಸಾರಿನ ಕುಂಡ್ಲೆಂ ಮೂರು ಅಳತೆಗಳಲ್ಲಿ, ಅನ್ನದ ಮಡಕೆ, ದೋಸೆಯ ಓಡು, ನೀರಿನ ಹೂಜಿ, ಹೂಕುಂಡ, ಹಣತೆ ಇದ್ದರೆ ಸಾಕು. ಪಟ್ಟಿಯನ್ನು ಇಂದು ಮೊಬೈಲಿನಲ್ಲೇ ಕಳುಹಿಸಬಹುದು. ಮಾಡುವುದು, ಮಾರುವುದು ಎರಡನ್ನೂ ಒಬ್ಬನೇ ಹೊರಲಾಗದವರಿಗೆ ಸಹಕಾರಿ ಮಾರ್ಗವಿದೆ. ಪುತ್ತೂರಿನ ಕುಂಬಾರರ ಗುಡಿ ಕೈಗಾರಿಕಾ ಸಹಕಾರ ಸಂಘವು ಅರ್ಧ ಶತಮಾನಕ್ಕೂ ಹಿಂದೆಯೇ ಈ ದಾರಿ ಹಿಡಿಯಿತು.

ಸಾಲದ ಬಗ್ಗೆ ಎರಡು ಮಾತು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರ ಸರಕಾರದ ವಿಶ್ವಕರ್ಮ ಯೋಜನೆಯ ಹದಿನೆಂಟು ವೃತ್ತಿಗಳಲ್ಲಿ ಕುಂಬಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅನಂತರ ಎರಡು ಲಕ್ಷ ಸಾಲ. ವಿದ್ಯುತ್ ಚಕ್ರ ತೋಳಿನ ಶ್ರಮವನ್ನು ನಿಜವಾಗಿಯೂ ಇಳಿಸುತ್ತದೆ, ಕೊಡುವುದನ್ನು ಪಡೆಯಲೇಬೇಕು. ಆದರೆ ಮೊದಲ ಸಾಲದ ಅವಧಿ ಹದಿನೆಂಟು ತಿಂಗಳು, ಅದರೊಳಗೆ ಕಡಿಮೆಯೆಂದರೆ ಒಂದು ಮಳೆಗಾಲ ಬಂದೇ ಬರುತ್ತದೆ. ಮಾರುಕಟ್ಟೆ ಗೊತ್ತಾಗುವ ಮೊದಲೇ ಸಾಲ ಮಾಡಿದವನು ಆಟಿಯಲ್ಲಿ ಕಂತು ಕಟ್ಟಲು ಬೇಸಗೆಯ ಮಡಕೆಗಳನ್ನು ಸಿಕ್ಕಿದ ಬೆಲೆಗೆ ಕೊಡಬೇಕಾಗುತ್ತದೆ.

ಹಾಗಾದರೆ ಮಳೆಗಾಲಕ್ಕೆ ಬೇಕಾದ ಹಣ ಎಲ್ಲಿಂದ? ನನ್ನ ಅಭಿಪ್ರಾಯದಲ್ಲಿ ಅದು ಗಿರಾಕಿಯಿಂದಲೇ ಬರಬೇಕು, ಮುಂಗಡವಾಗಿ. ಈ ವೃತ್ತಿಯವರಲ್ಲಿ ಹೆಚ್ಚಿನವರು ಕುಲಾಲ ಬಂಧುಗಳು. ನಮ್ಮ ಕ್ರೈಸ್ತ ಕುಟುಂಬಗಳು ಅವರ ಹಳೆಯ ಗಿರಾಕಿಗಳು. ಧರ್ಮಕೇಂದ್ರದ ವಾರ್ಷಿಕ ಹಬ್ಬ, ಕ್ರಿಸ್ಮಸ್ಸಿನ ಗೋದಲಿಯ ಹಣತೆಗಳು, ಮದುವೆಯ ಮನೆ, ಕಾನ್ವೆಂಟುಗಳ ಹೂದೋಟ, ವಿದ್ಯಾರ್ಥಿನಿಲಯಗಳ ಅಡುಗೆಮನೆ ಇವೆಲ್ಲವುಗಳ ದಿನಾಂಕ ನಮಗೆ ಜುಲೈಯಲ್ಲೇ ಗೊತ್ತಿರುತ್ತದೆ. ಆಗಲೇ ಬೇಡಿಕೆಯನ್ನು ಅಳತೆ, ಸಂಖ್ಯೆ, ದಿನಾಂಕ ಸಹಿತ ಚೀಟಿಯಲ್ಲಿ ಬರೆದು ಅರ್ಧ ಹಣ ಕೊಟ್ಟರೆ, ಕುಂಬಾರನು ಬಡ್ಡಿಯವನ ಬಳಿಗೆ ಹೋಗಬೇಕಾಗಿಲ್ಲ. ಮಳೆ ನಿಂತೊಡನೆ ಮಣ್ಣು, ಸೌದೆ ಕೂಡಿಸಲು ಕೈಯಲ್ಲಿ ಕಾಸಿರುತ್ತದೆ. ಡಿಸೆಂಬರಿನಲ್ಲಿ ಪಾತ್ರೆ ನಮ್ಮ ಕೈ ಸೇರುತ್ತದೆ. ಮಳೆಗಾಲದಲ್ಲಿ ನಮ್ಮ ಸೇವಾ ಸಂಘಟನೆಗಳು ಬಡವರಿಗೆ ಅಕ್ಕಿ ಹಂಚುವುದುಂಟು, ಅದು ಪುಣ್ಯದ ಕೆಲಸವೇ. ಆದರೆ ಕೈಯಲ್ಲಿ ಕಸುಬಿರುವವನು ಅಕ್ಕಿಯ ಸಾಲಿನಲ್ಲಿ ತಲೆ ತಗ್ಗಿಸಿ ನಿಲ್ಲುವುದಕ್ಕೂ ಬೇಡಿಕೆಯ ಚೀಟಿ ಕೈಯಲ್ಲಿ ಹಿಡಿದು ಮನೆಗೆ ಹೋಗುವುದಕ್ಕೂ ವ್ಯತ್ಯಾಸವಿದೆ. ದುಡಿಮೆಯ ಮೌಲ್ಯವನ್ನು ದುಡಿಯುವ ಮನುಷ್ಯನಿಂದಲೇ ಮೊದಲು ಅಳೆಯಬೇಕೆಂದು ಎರಡನೆಯ ಜಾನ್ ಪಾವ್ಲ್ ಜಗದ್ಗುರುಗಳು 1981ರ ತಮ್ಮ ವಿಶ್ವಪತ್ರದಲ್ಲಿ ಬರೆದದ್ದು ಇಂಥ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟೇ.

ಮನೆಯ ಹೆಂಗಸರಿಗೆ ಒಂದು ಮಾತು, ಗಂಡಸರೂ ಓದಬಹುದು. ಮಣ್ಣಿನ ಪಾತ್ರೆ ಒಡೆಯಿತೆಂದು ಬೇಸತ್ತು ಬಿಟ್ಟವರಲ್ಲಿ ಅನೇಕರು ಅದನ್ನು ಪಳಗಿಸದೆ ಒಲೆಗೆ ಏರಿಸಿದವರು. ಅಜ್ಜಿಯಂದಿರಿಗೆ ತಿಳಿದಿದ್ದ ಈ ವಿದ್ಯೆ ಸ್ಟೀಲು ಬಂದ ಮೇಲೆ ಎರಡು ತಲೆಮಾರಿಗೆ ತಪ್ಪಿಹೋಯಿತು. ಹೊಸ ಕುಂಡ್ಲೆಂ ತಂದರೆ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಮರುದಿನ ಗಂಜಿತಿಳಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ ಹಾಗೆಯೇ ತಣಿಯಲು ಬಿಡಿ. ಮಣ್ಣಿನ ಸೂಕ್ಷ್ಮ ರಂಧ್ರಗಳು ಮುಚ್ಚುತ್ತವೆ. ಒಣಗಿದ ಮೇಲೆ ಒಳಗೆ ತೆಂಗಿನೆಣ್ಣೆ ಸವರಿ ಇನ್ನೊಮ್ಮೆ ಸ್ವಲ್ಪ ಕಾಯಿಸಿ. ಬರಿದಾದ ಪಾತ್ರೆಯನ್ನು ಜೋರು ಉರಿಯ ಮೇಲೆ ಇಡಬಾರದು, ಬಿಸಿ ಪಾತ್ರೆಗೆ ತಣ್ಣೀರು ಸುರಿಯಬಾರದು, ತೊಳೆಯಲು ಸೋಪು ಬೇಡ. ಹುಳಿ ಹಾಕಿದ ಸಾರು ಅಲ್ಯೂಮಿನಿಯಮ್ಮಿನ ಪಾತ್ರೆಯಲ್ಲಿ ಕೆಟ್ಟ ರುಚಿ ಹಿಡಿಯಬಹುದು; ಮಣ್ಣಿನಲ್ಲಿ ಹಾಗಾಗದು, ಮರುದಿನಕ್ಕೆ ಅದರ ರುಚಿ ಹೆಚ್ಚುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಕುಂಬಾರನು ಇದನ್ನೇ ನಾಲ್ಕು ಸಾಲಿನಲ್ಲಿ ಅಚ್ಚು ಹಾಕಿಸಿ ಪ್ರತಿ ಪಾತ್ರೆಯೊಳಗೆ ಇಟ್ಟರೆ, ಒಡೆದ ಮಡಕೆಗೆ ಬೈಗುಳ ತಿನ್ನುವುದು ತಪ್ಪುತ್ತದೆ.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ಪಾತ್ರೆಯ ಮೈಯನ್ನು ಮೆಲ್ಲನೆ ತಟ್ಟಿ ನೋಡಿ. ಗಂಟೆಯಂತೆ ಕಣಕಣ ಎಂದರೆ ಅದು ಚೆನ್ನಾಗಿ ಬೆಂದಿದೆ. ಮಂಕಾದ ಸದ್ದು ಬಂದರೆ ಎಲ್ಲೋ ಕಣ್ಣಿಗೆ ಕಾಣದ ಸೀಳಿದೆ ಎಂದರ್ಥ, ಬೇರೊಂದನ್ನು ಕೇಳಿ ಪಡೆಯಿರಿ. ಅಡುಗೆಗಾದರೆ ಬಣ್ಣ, ವಾರ್ನಿಷು ಬಳಿದು ಹೊಳೆಯುವ ಪಾತ್ರೆ ಬೇಡ. ಬೆಂಕಿ ತಾಗಿ ಅಲ್ಲಲ್ಲಿ ಕಪ್ಪಾದದ್ದೇ ಆಗಬಹುದು.