ಬೀವರ್ ಕಟ್ಟೆ ಕಟ್ಟುವುದು ಯಾರಿಗಾಗಿ?

ಬೀವರ್ ನಮ್ಮ ದೇಶದ ಪ್ರಾಣಿಯಲ್ಲ. ಅದರ ವಾಸ ಉತ್ತರ ಅಮೆರಿಕ ಮತ್ತು ಯುರೋಪಿನ ತಂಪು ಹೊಳೆಗಳಲ್ಲಿ. ಇಲಿ, ಅಳಿಲುಗಳ ಬಳಗದ್ದೇ. ಆದರೆ ತೂಕ 20 ಕಿಲೋ ಮೀರುವುದುಂಟು. ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಮುಂಬಲ್ಲುಗಳಲ್ಲಿ ಕಬ್ಬಿಣದ ಅಂಶವಿರುವುದರಿಂದ ಅವು ಕಿತ್ತಳೆ ಬಣ್ಣಕ್ಕಿರುತ್ತವೆ. ಸವೆದಂತೆಲ್ಲ ಬೆಳೆಯುತ್ತಲೇ ಇರುತ್ತವೆ.

ಇಂಥ ಪ್ರಾಣಿಗೆ ಕಟ್ಟೆಯ ಉಸಾಬರಿ ಯಾಕೆ ಅಂತೀರಾ? ಪ್ರಾಣಭಯ, ಮತ್ತೇನಿಲ್ಲ! ನೆಲದ ಮೇಲೆ ಅದರ ನಡಿಗೆ ನಿಧಾನ, ತೋಳಕ್ಕೆ ಸುಲಭದ ತುತ್ತು. ಆಳದ ನೀರಿಗಿಳಿದರೆ ಬಚಾವಾಯಿತು. ಹೊಳೆ ಆಳವಿಲ್ಲದಿದ್ದರೆ ತಾನೇ ಆಳ ಮಾಡಿಕೊಳ್ಳುತ್ತದೆ. ಮರ ಕಡಿದು, ಕೊಂಬೆಗಳನ್ನು ನೀರಿನಲ್ಲಿ ಎಳೆದು ತಂದು, ಅಡ್ಡಲಾಗಿ ಒಟ್ಟಿ, ಸಂದುಗಳಿಗೆ ಕಲ್ಲು ಕೆಸರು ಮೆತ್ತುತ್ತದೆ. ಹಿಂದೆ ನಿಂತ ಕೊಳದಲ್ಲಿ ಅದರ ಗೂಡು. ಗೂಡಿನ ಬಾಗಿಲು ನೀರಿನೊಳಗೆ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿದರೂ ಅಡಿಯಲ್ಲಿ ಓಡಾಟ ನಿಲ್ಲುವುದಿಲ್ಲ.

ಇದಕ್ಕೆ ಎಂಜಿನಿಯರ್ ಎಂಬ ಬಿರುದನ್ನು ಎಲ್ಲರೂ ಕೊಡುತ್ತಾರೆ. ಸ್ವೀಡನ್ನಿನ ವಿಜ್ಞಾನಿ ಲಾರ್ಸ್ ವಿಲ್ಸನ್ 1960ರ ದಶಕದಲ್ಲಿ ಬೀವರುಗಳನ್ನು ಸಾಕಿ ನೋಡಿದರು. ಹರಿಯುವ ನೀರಿನ ಸದ್ದನ್ನು ಧ್ವನಿವರ್ಧಕದಲ್ಲಿ ಕೇಳಿಸಿದರೆ, ಅವು ಆ ಪೆಟ್ಟಿಗೆಯ ಬಳಿಯೇ ಕೋಲು ಪೇರಿಸತೊಡಗಿದವು! ನಕ್ಷೆ, ಲೆಕ್ಕಾಚಾರ ಯಾವುದೂ ಇಲ್ಲ. ಸದ್ದು ಅಡಗಬೇಕು, ಅಷ್ಟೆ.

ಕಟ್ಟೆ ಸೋರುತ್ತದೆ. ಅದೇ ಅದರ ಗುಣ ಅನ್ನಬೇಕು. ಮಳೆ ಬಂದಾಗ ಧಾವಿಸುವ ನೀರು ತಡೆದು, ಹರಡಿ, ನೆಲಕ್ಕೆ ಇಂಗುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಇಳಿಯುತ್ತದೆ. ಹೂಳು ಕೊಳದಲ್ಲೇ ಕೂರುತ್ತದೆ. ಕಪ್ಪೆ, ಮೀನುಮರಿ, ಬಾತುಗಳು ಕರೆಯದೆ ಬಂದು ಸೇರುತ್ತವೆ. 2018ರಲ್ಲಿ ಅಮೆರಿಕದ ಐಡಾಹೊ ರಾಜ್ಯದಲ್ಲಿ ಕಾಡ್ಗಿಚ್ಚು ಬಿದ್ದು ಸುತ್ತಲ ಗುಡ್ಡಗಳೆಲ್ಲ ಕರಕಲಾದವು. ಬೀವರುಗಳಿದ್ದ ಬಾ ಕ್ರೀಕ್ ಎಂಬ ತೊರೆಯ ಬದಿ ಮಾತ್ರ ಹಸಿರು ಪಟ್ಟಿಯಾಗಿ ಉಳಿಯಿತು.

ಹಾಗಂತ ಎಲ್ಲಿ ಬಿಟ್ಟರೂ ಬೀವರ್ ಉಪಕಾರಿ ಅಂದುಕೊಂಡರೆ ಕೆಟ್ಟೆವು. 1946ರಲ್ಲಿ ಅರ್ಜೆಂಟೀನ ಸರ್ಕಾರ ತುಪ್ಪಳದ ವ್ಯಾಪಾರದ ಆಸೆಯಿಂದ ಕೆನಡಾದ 20 ಬೀವರುಗಳನ್ನು ದಕ್ಷಿಣದ ತುದಿಯ ಟಿಯೆರಾ ಡೆಲ್ ಫ್ಯೂಗೊ ದ್ವೀಪಕ್ಕೆ ತಂದುಬಿಟ್ಟಿತು. ವ್ಯಾಪಾರ ಏಳಲಿಲ್ಲ; ಬೀವರುಗಳು ಸಾವಿರಗಟ್ಟಲೆ ಆದವು. ಅಲ್ಲಿ ಅವನ್ನು ಹಿಡಿಯುವ ತೋಳವಿಲ್ಲ, ಕರಡಿಯಿಲ್ಲ. ಉತ್ತರ ಅಮೆರಿಕದ ವಿಲ್ಲೋ, ಪಾಪ್ಲರ್ ಮರಗಳು ಕಡಿದ ಬುಡದಿಂದಲೇ ಮತ್ತೆ ಚಿಗುರುತ್ತವೆ. ಬೀವರಿನ ಜೊತೆ ಬಹುಕಾಲ ಬಾಳಿದ ಮರಗಳು ಅವು. ಫ್ಯೂಗೊದ ಬೀಚ್ ಮರಗಳಿಗೆ ಆ ಅಭ್ಯಾಸವಿಲ್ಲ. ಕಡಿದವು ಹೋದವು, ಕೊಳದ ನೀರಿನಲ್ಲಿ ಬೇರು ಮುಳುಗಿದವು ನಿಂತಲ್ಲೇ ಒಣಗಿದವು. ಬೀವರುಗಳು ಈಜಿ ಚಿಲಿಯ ಕಡೆಗೂ ದಾಟಿದವು. ಅವನ್ನು ಹೊರಹಾಕಲು ಎರಡೂ ದೇಶಗಳು 2008ರಲ್ಲಿ ಒಪ್ಪಂದ ಮಾಡಿಕೊಂಡವು. ಕೆಲಸ ಇನ್ನೂ ಮುಗಿದಿಲ್ಲ.