ಆಟದ ಗಡಿಯಾರವನ್ನು ನಿಧಾನ ಮಾಡುವುದು ಹೇಗೆ?

ಕ್ರಿಕೆಟ್ ಪಂದ್ಯದಲ್ಲಿ ರನ್ ಔಟ್ ಬಗ್ಗೆ ಅನುಮಾನ ಬಂದರೆ ಟಿ.ವಿ.ಯಲ್ಲಿ ಅದೇ ದೃಶ್ಯವನ್ನು ನಿಧಾನವಾಗಿ ಮತ್ತೆ ತೋರಿಸುವುದನ್ನು ನೀವು ನೋಡಿದ್ದೀರಿ. ಇದಕ್ಕೆ ಸ್ಲೋ ಮೋಷನ್ ಅಥವಾ ನಿಧಾನಗತಿ ಎನ್ನುತ್ತಾರೆ. ಸಿನಿಮಾದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳು ತೆರೆಯ ಮೇಲೆ ಹಾದುಹೋಗುತ್ತವೆ. ಸೆಕೆಂಡಿಗೆ 48 ಚಿತ್ರ ತೆಗೆದು, ಅವನ್ನು 24ರಂತೆ ತೋರಿಸಿದರೆ ಒಂದು ಸೆಕೆಂಡಿನ ಘಟನೆ ಎರಡು ಸೆಕೆಂಡು ನಡೆಯುತ್ತದೆ.

ಆದರೆ ವೀಡಿಯೋ ಗೇಮ್‌ನಲ್ಲಿ ಕ್ಯಾಮೆರಾ ಎಲ್ಲಿದೆ? ಅಲ್ಲಿ ಪ್ರತಿಯೊಂದು ಚಿತ್ರವನ್ನೂ ಕಂಪ್ಯೂಟರ್ ಆ ಕ್ಷಣದಲ್ಲೇ ಲೆಕ್ಕ ಹಾಕಿ ಬರೆಯುತ್ತದೆ. ಆದರೂ ಅಲ್ಲಿ ನಿಧಾನಗತಿ ಸಾಧ್ಯ. ಫಿನ್ಲೆಂಡ್ ದೇಶದಲ್ಲಿ ತಯಾರಾಗಿ 2001ರಲ್ಲಿ ಬಂದ 'ಮ್ಯಾಕ್ಸ್ ಪೇನ್' ಎಂಬ ಆಟ (ಅದು ದೊಡ್ಡವರಿಗೆ ಮಾತ್ರ) ಇದರಿಂದಲೇ ಹೆಸರಾಯಿತು. ಅಷ್ಟು ದೊಡ್ಡ ಆಟ ನಮಗೆ ಬೇಡ. ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು 2007ರಲ್ಲಿ ಮಕ್ಕಳಿಗಾಗಿ ಬಿಡುಗಡೆ ಮಾಡಿದ 'ಸ್ಕ್ರ್ಯಾಚ್' ಎಂಬ ಉಚಿತ ತಂತ್ರಾಂಶದಲ್ಲಿ ನೀವೇ ಮಾಡಬಹುದಾದ ಒಂದು ಆಟ ಸಾಕು.

ಹಿನ್ನೆಲೆಯಲ್ಲಿ ಭರಮಸಾಗರದ ಕೆರೆ ಏರಿ. ಆಚೆ, ಚಿತ್ರದುರ್ಗದ ಗುಡ್ಡಗಳ ಮೇಲೆ ಕಾಣುವಂಥ ಒಂದು ಗಾಳಿಯಂತ್ರ. ಈಚೆ ಒಂದು ತೆಂಗಿನ ಮರ; 18 ಮೀಟರ್ ಎತ್ತರದಲ್ಲಿ ಗಾಳಿಪಟವೊಂದು ಸಿಕ್ಕಿಕೊಂಡು ಅತ್ತಿತ್ತ ಓಲಾಡುತ್ತಿದೆ. ಹುಡುಗಿಯೊಬ್ಬಳು ಚೆಂಡನ್ನು ಮೇಲಕ್ಕೆ ಎಸೆಯುತ್ತಾಳೆ. ನಾವು ಬಾಣದ ಗುರುತಿನ ಕೀಲಿ ಒತ್ತಿ ಚೆಂಡನ್ನು ಎಡಕ್ಕೋ ಬಲಕ್ಕೋ ಸರಿಸಿ ಗಾಳಿಪಟಕ್ಕೆ ತಾಗಿಸಬೇಕು. ಚೆಂಡು ಸರ್ರನೆ ಹೋಗಿಬಿಡುವುದರಿಂದ ಗುರಿ ಹಿಡಿಯುವುದು ಕಷ್ಟ. ಆದ್ದರಿಂದ ಒಂದು ಕೀಲಿ ಒತ್ತಿದಾಗ ಎಲ್ಲವೂ ಅರ್ಧ ವೇಗಕ್ಕೆ ಇಳಿಯಬೇಕು.

ಮೊದಲು ಹೊಳೆಯುವ ಉಪಾಯವೆಂದರೆ ಚಿತ್ರ ಚಿತ್ರದ ನಡುವೆ ಕಂಪ್ಯೂಟರನ್ನು ಸ್ವಲ್ಪ ಕಾಯಿಸುವುದು. ಸೆಕೆಂಡಿಗೆ 30 ಚಿತ್ರ ಬರೆಯುತ್ತಿದ್ದದ್ದು 15ಕ್ಕೆ ಇಳಿಯುತ್ತದೆ. ಆಟ ನಿಧಾನವೇನೋ ಆಗುತ್ತದೆ, ಆದರೆ ಚೆಂಡು ಕಪ್ಪೆಯಂತೆ ಕುಪ್ಪಳಿಸುತ್ತದೆ. ಚಿತ್ರಗಳು 30 ಇದ್ದಂತೆಯೇ ಇರಬೇಕು, ಪ್ರತಿ ಚಿತ್ರದಲ್ಲಿ ಆಗುವ ಬದಲಾವಣೆ ಮಾತ್ರ ಕಡಿಮೆಯಾಗಬೇಕು.

ಗಾಳಿಯಂತ್ರಕ್ಕೆ ಇದು ಸುಲಭ. ಅದರ ರೆಕ್ಕೆಗಳು ಮಿನಿಟಿಗೆ 20 ಸುತ್ತು ತಿರುಗುತ್ತವೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 120 ಡಿಗ್ರಿ, ಚಿತ್ರವೊಂದಕ್ಕೆ 4 ಡಿಗ್ರಿ. 4ರ ಜಾಗದಲ್ಲಿ 2 ಎಂದು ಬರೆದರೆ ಕೆಲಸ ಮುಗಿಯಿತು.

ಚೆಂಡಿನ ವೇಗವನ್ನೂ ಹಾಗೇ ಅರ್ಧ ಮಾಡಿದರೆ? ಇಲ್ಲೇ ಎಡವಟ್ಟಾಗುವುದು. ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಕೈಬಿಟ್ಟಿತು ಎನ್ನಿ. ಗುರುತ್ವವು ಪ್ರತಿ ಸೆಕೆಂಡಿಗೆ ಸುಮಾರು 10 ಮೀಟರಿನಷ್ಟು ವೇಗವನ್ನು ತಗ್ಗಿಸುತ್ತದೆ. ಮೊದಲ ಸೆಕೆಂಡಿನಲ್ಲಿ ವೇಗ 20ರಿಂದ 10ಕ್ಕೆ ಇಳಿಯುತ್ತದೆ. ಸರಾಸರಿ 15, ಆದ್ದರಿಂದ ಚೆಂಡು 15 ಮೀಟರ್ ಏರುತ್ತದೆ. ಎರಡನೆಯ ಸೆಕೆಂಡಿನಲ್ಲಿ 10ರಿಂದ ಸೊನ್ನೆಗೆ, ಸರಾಸರಿ 5. ಒಟ್ಟು 20 ಮೀಟರ್. ಗಾಳಿಪಟ ಸಿಕ್ಕಿತು! ಈಗ ವೇಗವನ್ನು ಮಾತ್ರ 10ಕ್ಕೆ ಇಳಿಸಿ. ಒಂದೇ ಸೆಕೆಂಡಿನಲ್ಲಿ ಅದು ಸೊನ್ನೆಯಾಗುತ್ತದೆ, ಚೆಂಡು ಏರುವುದು ಬರೀ 5 ಮೀಟರ್. ಇದು ನಿಧಾನಗತಿಯಲ್ಲ, ಸೋತ ಕೈಯ ಎಸೆತ. ಸಹಾಯಕ್ಕೆಂದು ಕೀಲಿ ಒತ್ತಿದ ಆಟಗಾರನಿಗೆ ಗಾಳಿಪಟ ಎಂದೂ ಸಿಗದು.

ಸರಿ, ಗುರುತ್ವವನ್ನೂ ಅರ್ಧ ಮಾಡೋಣ ಎನ್ನುತ್ತೀರಾ? ವೇಗ 10, ಗುರುತ್ವ 5. ಮೇಲೇರಲು 2 ಸೆಕೆಂಡು, ಸರಾಸರಿ ವೇಗ 5, ಎತ್ತರ 10 ಮೀಟರ್. ಈಗಲೂ ಸಾಲದು. ಗುರುತ್ವವನ್ನು ಕಾಲುಭಾಗ, ಅಂದರೆ 2.5 ಮಾಡಿ ನೋಡಿ. ಮೇಲೇರಲು 4 ಸೆಕೆಂಡು, ಸರಾಸರಿ ವೇಗ 5, ಎತ್ತರ 20 ಮೀಟರ್. ಅದೇ ದಾರಿ, ಎರಡರಷ್ಟು ಸಮಯ. ನಮಗೆ ಬೇಕಾದದ್ದು ಇದೇ.

ಅರ್ಧ ಏಕೆ ಸಾಲದು, ಕಾಲು ಏಕೆ ಬೇಕು? ಪ್ರತಿ ಚಿತ್ರಕ್ಕೂ ಕಂಪ್ಯೂಟರ್ ಎರಡು ಲೆಕ್ಕ ಮಾಡುತ್ತದೆ. ವೇಗ ಎಷ್ಟು ತಗ್ಗಿತು ಎಂಬುದಕ್ಕೆ ಗುರುತ್ವವನ್ನು ಕಾಲದಿಂದ ಗುಣಿಸುತ್ತದೆ. ಚೆಂಡು ಎಷ್ಟು ದೂರ ಸರಿಯಿತು ಎಂಬುದಕ್ಕೆ ಸರಾಸರಿ ವೇಗವನ್ನು ಮತ್ತೆ ಕಾಲದಿಂದ ಗುಣಿಸುತ್ತದೆ. ಗುರುತ್ವದ ಲೆಕ್ಕದಲ್ಲಿ ಕಾಲ ಎರಡು ಸಲ ಬರುತ್ತದೆ. ಅರ್ಧದ ಅರ್ಧ ಕಾಲು.

ಹಾಗಾದರೆ ವೇಗ, ಗುರುತ್ವ, ರೆಕ್ಕೆ ಎಂದು ಒಂದೊಂದನ್ನೇ ತಿದ್ದುತ್ತಾ ಕೂರಬೇಕೆ? ಬೇಡ. ಚಿತ್ರವೊಂದಕ್ಕೆ ಆಟದಲ್ಲಿ ಎಷ್ಟು ಕಾಲ ಕಳೆಯಿತು ಎಂಬ ಒಂದೇ ಸಂಖ್ಯೆಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಮಾಮೂಲಿ ಆಟದಲ್ಲಿ ಅದು ಸೆಕೆಂಡಿನ 30ನೇ ಒಂದು ಭಾಗ. ನಿಧಾನಗತಿಯಲ್ಲಿ 60ನೇ ಒಂದು ಭಾಗ. ಎಲ್ಲ ಲೆಕ್ಕವೂ ಈ ಸಂಖ್ಯೆಯನ್ನೇ ಬಳಸಲಿ. ಆಗ ಗುರುತ್ವ ತಾನಾಗಿಯೇ ಸರಿಹೋಗುತ್ತದೆ, ಗಾಳಿಪಟದ ಓಲಾಟವೂ ನಿಧಾನವಾಗುತ್ತದೆ. ಕೀಲಿ ಒತ್ತಿ ಚೆಂಡನ್ನು ಸರಿಸುವ ವೇಗವನ್ನು ಮಾತ್ರ ನಾನಾದರೆ ಹಾಗೇ ಬಿಡುತ್ತೇನೆ. ಆಟಗಾರನಿಗೆ ಲಾಭವಾಗುವುದು ಅದರಿಂದಲೇ. ಆಟಕ್ಕೆ ಗಡುವು ಇಟ್ಟಿದ್ದರೆ ಆ ಗಡಿಯಾರವೂ ನಿಜವಾದ ಕಾಲದಲ್ಲೇ ಓಡಲಿ. ಇಲ್ಲದಿದ್ದರೆ ಜಾಣರು ಕೀಲಿಯಿಂದ ಬೆರಳನ್ನೇ ತೆಗೆಯುವುದಿಲ್ಲ!

ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೂ ಚೌಕುಳಿ ಗೆರೆಯ ಪುಸ್ತಕದಲ್ಲಿ ಇದನ್ನು ಮಾಡಿ ನೋಡಬಹುದು. ಒಂದು ಮನೆಗೆ ಒಂದು ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೊಮ್ಮೆ ಚೆಂಡು ಇರುವ ಎತ್ತರ 0, 15, 20, 15, 0. ಅರ್ಧ ಸೆಕೆಂಡಿಗೊಮ್ಮೆ ಗುರುತಿಸಿದರೆ 0, 8.75, 15, 18.75, 20, ಮತ್ತೆ ಅದೇ ಕ್ರಮದಲ್ಲಿ ಕೆಳಕ್ಕೆ. ಎರಡನ್ನೂ ಬೇರೆ ಬೇರೆ ಚೀಟಿಗಳಲ್ಲಿ ಬರೆದು, ಒಬ್ಬರು ಚಪ್ಪಾಳೆ ತಟ್ಟುತ್ತಿರುವಾಗ ಚಪ್ಪಾಳೆಗೊಂದರಂತೆ ಚೀಟಿ ತಿರುಗಿಸಿ. ಮೊದಲನೆಯ ಚೆಂಡು ನಾಲ್ಕನೇ ಚಪ್ಪಾಳೆಗೆ ನೆಲಕ್ಕೆ ಬರುತ್ತದೆ, ಎರಡನೆಯದು ಎಂಟನೆಯದಕ್ಕೆ. ಎರಡೂ ಏರಿದ ಎತ್ತರ ಒಂದೇ.

ಈಗ ನಿಮಗೊಂದು ಲೆಕ್ಕ: ಆಟವನ್ನು ಮೂರನೇ ಒಂದು ವೇಗಕ್ಕೆ ಇಳಿಸಬೇಕಾದರೆ ಗುರುತ್ವವನ್ನು ಎಷ್ಟನೇ ಒಂದು ಭಾಗ ಮಾಡಬೇಕು?